ಪದಚರ್ಚೆ: ಡ್ಯಾಕ್ ‘ಟ್ಯೂನ್’ ಮಾಡುವುದಕ್ಕೆ ‘ಶ್ರುತಿ’ ಸಲ್ಲುತ್ತದೆಯೇ?

ಮಾನ್ಯರೇ,

ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಿಕೊಳ್ಳುವ ಆಡಿಯೊ ಡ್ಯಾಕ್‌ಗಳ ಬಗ್ಗೆ, ಅಂದರೆ ಸಿಡಿಯಿಂದಲೋ ಕಂಪ್ಯೂಟರಿನಿಂದಲೋ ಬರುವ ಅಂಕೆಗಳ ಸಾಲನ್ನು ಸ್ಪೀಕರಿಗೆ ಬೇಕಾದ ವಿದ್ಯುತ್ ಅಲೆಯಾಗಿಸುವ ಸಾಧನಗಳ ಬಗ್ಗೆ, ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಬಿಡಿಭಾಗಗಳ ಹೆಸರಿನಲ್ಲಿ ಅಷ್ಟಾಗಿ ತೊಡಕಿಲ್ಲ. ರೋಧಕ (ರೆಸಿಸ್ಟರ್), ಧಾರಕ (ಕೆಪಾಸಿಟರ್) ಎಂಬ ಪದಗಳನ್ನು ಪಠ್ಯಪುಸ್ತಕಗಳು ಕೊಟ್ಟಿವೆ. ಐಸಿ, ಟ್ರಾನ್ಸಿಸ್ಟರ್, ಬೋರ್ಡ್ ಎಂಬುವು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕನ್ನಡದ ಪದಗಳಂತೆಯೇ ವಿಭಕ್ತಿ ಪ್ರತ್ಯಯ ಹಚ್ಚಿಕೊಂಡು ಓಡಾಡುತ್ತಿವೆ. ತೊಡಕು ಎದುರಾಗುವುದು ಕ್ರಿಯಾಪದಗಳಲ್ಲಿ. ಕಟ್ಟಿದ ಡ್ಯಾಕನ್ನು ‘ಟ್ಯೂನ್ ಮಾಡುವುದು’ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ‘ಶ್ರುತಿ ಮಾಡುವುದು’, ‘ಶ್ರುತಿಗೊಳಿಸುವುದು’ ಎಂದು ಬರೆಯುವಂತೆ ಹಸ್ತಪ್ರತಿ ಓದಿದ ಕೆಲವರು ಸೂಚಿಸಿದ್ದಾರೆ. ಸಂಗೀತದ ಉಪಕರಣವೇ ಆದ್ದರಿಂದ ಪದ ಒಪ್ಪುವಂತೆ ಕಾಣುತ್ತದೆ. ಆದರೂ ನನಗೆ ಒಪ್ಪಿಗೆಯಾಗಿಲ್ಲ. ಕಾರಣಗಳನ್ನು ನಿಮ್ಮ ಮುಂದಿಟ್ಟು ಅಭಿಪ್ರಾಯ ಕೇಳುತ್ತಿದ್ದೇನೆ.

ಮಾತು ಹಿಡಿತಕ್ಕೆ ಸಿಗಲೆಂದು ಫಿಲಿಪ್ಸ್ ಸಂಸ್ಥೆಯ ಟಿಡಿಎ1543 ಎಂಬ ಡ್ಯಾಕ್ ಐಸಿಯನ್ನೇ (ಚಿಪ್ಪನ್ನೇ) ತೆಗೆದುಕೊಳ್ಳುತ್ತೇನೆ. ಎಂಟು ಕಾಲಿನ, 16 ಬಿಟ್‌ನ ಈ ಅಗ್ಗದ ಐಸಿ ಹವ್ಯಾಸಿಗಳಿಗೆ ಬಹಳ ಪ್ರಿಯವಾದದ್ದು. ಸಿಡಿಯ ಸ್ಯಾಂಪಲ್ಲುಗಳನ್ನು, ಅಂದರೆ ನಾದದ ಅಲೆಯನ್ನು ಕ್ಷಣಕ್ಷಣಕ್ಕೂ ಅಳೆದು ಬರೆದಿಟ್ಟ ಅಂಕೆಗಳನ್ನು, ನಡುವೆ ಡಿಜಿಟಲ್ ಫಿಲ್ಟರಿನ ಮೂಲಕ ಹಾಯಿಸದೆ ನೇರವಾಗಿ ಪರಿವರ್ತಕಕ್ಕೇ ಕೊಡಬೇಕೆಂದು ಜಪಾನಿನ ರ್ಯೋಹೆಯ್ ಕುಸುನೋಕಿ 1990ರ ದಶಕದಲ್ಲಿ ವಾದಿಸಿದ ಮೇಲೆ ಈ ಬಗೆಯ ಸರಳ ಡ್ಯಾಕ್‌ಗಳು ಲೋಕದ ನಾನಾ ಕಡೆ ಮನೆಮನೆಗಳಲ್ಲಿ ಹುಟ್ಟಿದವು. ಇದನ್ನು ಕಟ್ಟಿದವರು ‘ಟ್ಯೂನಿಂಗ್’ ಎಂಬ ಒಂದೇ ಹೆಸರಿನಲ್ಲಿ ಮಾಡುವ ಕೆಲಸಗಳನ್ನು ಬಿಡಿಸಿ ನೋಡಿದರೆ ಅವು ಮೂರು ಬಗೆಯವು.

ಮೊದಲನೆಯದು ಲೆಕ್ಕದ ಕೆಲಸ. ಈ ಐಸಿ ಹೊರಗೆ ಕೊಡುವುದು ವೋಲ್ಟೇಜನ್ನಲ್ಲ, ಪ್ರವಾಹವನ್ನು. ಅದರ ಪೂರ್ಣ ಏರಿಳಿತ ಸುಮಾರು 2.3 ಮಿಲಿಆಂಪಿಯರ್. ಅದನ್ನು 1 ಕಿಲೋಓಮ್ ರೋಧಕದ ಮೂಲಕ ಹರಿಸಿದರೆ 2.3 ವೋಲ್ಟ್ ಏರಿಳಿತ ಸಿಗುತ್ತದೆ. ಡಿಜಿಟಲ್ ಫಿಲ್ಟರ್ ಇಲ್ಲದಿರುವುದರಿಂದ, 44.1 ಕಿಲೋಹರ್ಟ್ಸ್ ದರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬರುವ ಅಲೆಯು 20 ಕಿಲೋಹರ್ಟ್ಸ್ ಹೊತ್ತಿಗೆ ತನ್ನಷ್ಟಕ್ಕೇ ಸುಮಾರು 3.2 ಡೆಸಿಬೆಲ್ ಕುಗ್ಗಿರುತ್ತದೆ. ಮೆಟ್ಟಿಲುಗಳ ಅಂಚನ್ನು ಮೃದುಗೊಳಿಸಲು ಆ ರೋಧಕಕ್ಕೆ ಅಡ್ಡಲಾಗಿ 3.3 ನ್ಯಾನೊಫ್ಯಾರಡ್ ಧಾರಕವನ್ನು ಇಟ್ಟರೆ ಇನ್ನೊಂದು 0.7 ಡೆಸಿಬೆಲ್ ಹೋಗುತ್ತದೆ. ಯಾವ ಮೌಲ್ಯದ ಧಾರಕ ಇರಬೇಕು, ಕುಗ್ಗಿದ್ದನ್ನು ಮುಂದಿನ ಹಂತದಲ್ಲಿ ತುಂಬಿಕೊಳ್ಳಬೇಕೇ ಎಂಬುದೆಲ್ಲ ಕಾಗದದ ಮೇಲೆ ತೀರ್ಮಾನವಾಗುವಂಥದ್ದು. ಇದಕ್ಕೆ ‘ಹೊಂದಿಸು’ ಸಾಕು. ಇಲ್ಲಿ ಬೇರೆ ಪದದ ಹುಡುಕಾಟವೇ ಅನವಶ್ಯಕ.

ಎರಡನೆಯದು ಅಳತೆಯ ಕೆಲಸ. ಐಸಿಯ 7ನೆಯ ಕಾಲಿಗೂ ಗ್ರೌಂಡಿಗೂ ನಡುವೆ ಇಡುವ ರೋಧಕದ ಮೌಲ್ಯ ಬದಲಾದಂತೆ ಹೊರದಾರಿಯಲ್ಲಿ ಹರಿಯುವ ಸ್ಥಿರ ಪ್ರವಾಹವೂ ಬದಲಾಗುತ್ತದೆ. ಅದು ಸರಿಯಿಲ್ಲದಿದ್ದರೆ ಅಲೆಯ ಒಂದು ಮಗ್ಗುಲು ಇನ್ನೊಂದಕ್ಕಿಂತ ಮೊದಲೇ ಮೊಟಕಾಗುತ್ತದೆ. ಅಲ್ಲಿ ತಿರುಗಿಸಬಹುದಾದ ರೋಧಕವೊಂದನ್ನು ಇಟ್ಟು, ಆಸಿಲೋಸ್ಕೋಪಿನಲ್ಲಿ ಅಲೆಯನ್ನು ನೋಡುತ್ತ, ಮೇಲಿನ ಮತ್ತು ಕೆಳಗಿನ ತುದಿಗಳು ಸಮನಾಗಿ ಮೊಟಕಾಗುವ ಬಿಂದುವಿನಲ್ಲಿ ನಿಲ್ಲಿಸಬೇಕು. ಎರಡು ಕಡೆಯನ್ನು ಸಮಮಾಡುವ ಈ ಕೆಲಸಕ್ಕೆ ‘ಸರಿದೂಗಿಸು’ ಎಂಬ ತಕ್ಕಡಿಯ ಪದ ಚೆನ್ನಾಗಿ ಕೂರುತ್ತದೆ ಎಂಬುದು ನನ್ನ ಅನಿಸಿಕೆ.

ಮೂರನೆಯದು ಕಿವಿಯ ಕೆಲಸ, ವಾದವೆಲ್ಲ ಇರುವುದು ಇಲ್ಲಿಯೇ. ಹೊರದಾರಿಯಲ್ಲಿರುವ ಧಾರಕವನ್ನು ಎಲೆಕ್ಟ್ರೊಲಿಟಿಕ್‌ನಿಂದ ಪಾಲಿಪ್ರೊಪಿಲೀನ್‌ಗೆ ಬದಲಿಸುವುದು, ಎನ್ಇ5532 ಎಂಬ ಆಪ್ಯಾಂಪನ್ನು (ಸಂಕೇತವನ್ನು ವರ್ಧಿಸುವ ಐಸಿಯನ್ನು) ತೆಗೆದು ಒಪಿಎ2134 ಹಾಕಿ ಕೇಳುವುದು, ಡ್ಯಾಕ್ ಐಸಿಗೆ 5 ವೋಲ್ಟಿನ ಬದಲು 8 ವೋಲ್ಟ್ ಕೊಟ್ಟು ನೋಡುವುದು, ಇವೆಲ್ಲ ಇದೇ ಸಾಲಿಗೆ ಬರುತ್ತವೆ. ಇದನ್ನು ಮಾಡುವವರು ಹುಡುಕುವುದು ತಾವು ಬಲ್ಲ ವೀಣೆ ತಾವು ಬಲ್ಲ ವೀಣೆಯಂತೆ ಕೇಳಿಸುವ ಸ್ಥಿತಿಯನ್ನು. ‘ಶ್ರುತಿ ಮಾಡು’ ಎಂಬ ಸೂಚನೆ ಬಂದಿರುವುದೂ ಈ ಮೂರನೆಯದಕ್ಕೇ.

ನನ್ನ ಆಕ್ಷೇಪ ಹೀಗಿದೆ. ಶ್ರುತಿ ಎಂದರೆ ಸ್ವರದ ಎತ್ತರ, ಅದಕ್ಕೆ ಹೊರಗೊಂದು ಆಧಾರವಿರುತ್ತದೆ. ಡ್ಯಾಕ್‌ನಲ್ಲಿ ನಾದದ ಎತ್ತರವನ್ನು ಬದಲಿಸಬಲ್ಲ ಭಾಗ ಒಂದೇ ಒಂದು: ಸ್ಯಾಂಪಲ್ಲುಗಳು ಯಾವ ವೇಗದಲ್ಲಿ ಹೊರಬೀಳಬೇಕೆಂದು ನಿರ್ಧರಿಸುವ ಗಡಿಯಾರದ ಹರಳು, ಉದಾಹರಣೆಗೆ 11.2896 ಮೆಗಾಹರ್ಟ್ಸ್‌ನದು. ಎಷ್ಟೋ ಡ್ಯಾಕ್‌ಗಳಲ್ಲಿ ಆ ಹರಳು ಡ್ಯಾಕ್‌ನೊಳಗೂ ಇರುವುದಿಲ್ಲ, ಸಿಡಿ ಪ್ಲೇಯರಿನಲ್ಲಿರುತ್ತದೆ. ಸಾಮಾನ್ಯ ಹರಳು ಹತ್ತು ಲಕ್ಷಕ್ಕೆ 50 ಪಾಲು ತಪ್ಪಿದರೂ ಸ್ವರದ ಎತ್ತರದಲ್ಲಿ ಆಗುವ ವ್ಯತ್ಯಾಸ 0.09 ಸೆಂಟ್ (ಒಂದು ಸ್ಥಾಯಿಯ 1200 ಪಾಲಿನಲ್ಲಿ ಒಂದು ಪಾಲು ಒಂದು ಸೆಂಟ್) ಮಾತ್ರ. ನಮ್ಮ 22 ಶ್ರುತಿಗಳ ಲೆಕ್ಕದಲ್ಲಿ ಅತಿ ಚಿಕ್ಕ ಅಂತರವಾದ ಪ್ರಮಾಣ ಶ್ರುತಿ, ಅಂದರೆ 81/80ರ ಅನುಪಾತ, 21.5 ಸೆಂಟ್ ಇದೆ. ಹರಳಿನ ತಪ್ಪಿಗಿಂತ ಅದು ಇನ್ನೂರು ಪಟ್ಟಿಗೂ ಹೆಚ್ಚು ದೊಡ್ಡದು. ಧಾರಕವನ್ನಾಗಲಿ ಆಪ್ಯಾಂಪನ್ನಾಗಲಿ ಬದಲಿಸಿದಾಗ ಎತ್ತರ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಸಂಗೀತ ಬಲ್ಲ ಓದುಗರು ‘ಡ್ಯಾಕನ್ನು ಶ್ರುತಿ ಮಾಡಿದೆ’ ಎಂಬ ವಾಕ್ಯವನ್ನು ಓದಿದರೆ, ಎರಡೂವರೆ ಮನೆಯ ಶ್ರುತಿಯ ಹಾಡು ಮೂರಕ್ಕೆ ಏರಿತೆಂದೇ ತಿಳಿದಾರು. ಶಿಷ್ಟ ಅರ್ಥ ಗಟ್ಟಿಯಾಗಿ ಬಾಳುತ್ತಿರುವ ಪದವನ್ನು, ಅದೇ ನಾದದ ವಿಷಯದಲ್ಲಿ, ಬೇರೆ ಅರ್ಥಕ್ಕೆ ಎಳೆಯುವುದು ಓದುಗರಿಗೆ ಮಾಡುವ ಅನ್ಯಾಯ.

ವಾಸ್ತವವಾಗಿ ಸ್ವರದ ಎತ್ತರ ಹೊಂದಿಸುವುದು, ನಾದದ ಗುಣ ತಿದ್ದುವುದು ಎಂಬ ಎರಡು ಕೆಲಸಗಳನ್ನು ನಮ್ಮ ಸಂಗೀತಗಾರರು ಬಹು ಹಿಂದೆಯೇ ಬೇರ್ಪಡಿಸಿದ್ದಾರೆ. ತಂಬೂರಿಯಲ್ಲಿ ಬಿರಡೆ ತಿರುಗಿಸಿ, ಮಣಿ ಸರಿಸಿ ಮಾಡುವುದು ಶ್ರುತಿ. ಆಮೇಲೆ ಕುದುರೆಗೂ (ತಂತಿಗಳು ಹಾಯುವ ಸೇತುವೆ) ತಂತಿಗೂ ನಡುವೆ ನೂಲಿನ ಎಳೆಯನ್ನು ಹಿಂದೆ ಮುಂದೆ ಸರಿಸಿ, ತಂತಿಯ ಮೂಲಸ್ವರದ ಜೊತೆ ಮೂಡುವ ಮೇಲ್ಸ್ವರಗಳೆಲ್ಲ ತುಂಬಿ ಮೊಳಗುವಂತೆ ಮಾಡುವುದು ‘ಜೀವಾ’ ಅಥವಾ ‘ಜೀವಾಳಿ’. ಎಳೆ ಸರಿಸಿದಾಗ ಷಡ್ಜ ಷಡ್ಜವಾಗಿಯೇ ಉಳಿಯುತ್ತದೆ, ಅದರ ಮೈ ಬದಲಾಗುತ್ತದೆ. ಡ್ಯಾಕ್‌ನಲ್ಲಿ ಕಿವಿಯಿಂದ ಮಾಡುವ ಕೆಲಸ ಸೇರುವುದು ಈ ಎರಡನೆಯ ಪಂಕ್ತಿಗೆ. ಹಿಂದೂಸ್ತಾನಿಯಲ್ಲಿ ಕುದುರೆಯ ಮೈ ಉಜ್ಜಿ ಈ ಗುಣ ತರಿಸುವುದಕ್ಕೆ ‘ಜವಾರಿ’ ಎನ್ನುತ್ತಾರೆ. ಆದರೆ ಜವಾರಿ ಎಂದೊಡನೆ ಉತ್ತರ ಕರ್ನಾಟಕದ ಓದುಗರ ಮನಸ್ಸಿಗೆ ನಾಟಿ ಮೆಣಸಿನಕಾಯಿಯೇ ಮೊದಲು ಬರುವುದರಿಂದ ಆ ಪದವನ್ನು ಕೈಪಿಡಿಗೆ ತರಲು ಧೈರ್ಯವಾಗುತ್ತಿಲ್ಲ. ‘ಜೀವಾ ಹಿಡಿಸು’ ಎಂಬುದು ಅರ್ಥದಲ್ಲಿ ಅತ್ಯಂತ ಹತ್ತಿರದ್ದಾದರೂ ತಂಬೂರಿಯನ್ನು ಮುಟ್ಟದವರಿಗೆ ಅದು ತಿಳಿಯಲಾರದು.

ಆದ್ದರಿಂದ ನಾನು ಸದ್ಯಕ್ಕೆ ಬಳಸುತ್ತಿರುವುದು ‘ಹದಗೊಳಿಸು’. ಪಾಕಕ್ಕೆ ಹದವಿದೆ, ಉಳುವ ನೆಲಕ್ಕೆ ಹದವಿದೆ, ಚರ್ಮಕ್ಕೂ ಹದವಿದೆ; ಎಲ್ಲ ಕಡೆಯೂ ಬಲ್ಲವರು ಇಂದ್ರಿಯದಿಂದ ಗುರುತಿಸಬೇಕಾದ ಸ್ಥಿತಿಯದು, ಎಲ್ಲ ಕಡೆಯೂ ಮೀರಿದರೆ ಕೆಡುವಂಥದ್ದು. ಆದರೆ ಹದ ಎಂದ ಮಾತ್ರಕ್ಕೆ ಬಾಯಿಗೆ ಬಂದದ್ದೆಲ್ಲ ನಡೆಯುತ್ತದೆಂದು ಓದುಗರು ತಿಳಿಯಬಾರದು. 1 ಕಿಲೋಓಮ್ ರೋಧಕದ ಬದಲು 1.2 ಕಿಲೋಓಮ್ ಹಾಕಿದವರು ನಾದ ತುಂಬಿಕೊಂಡಿತು ಎಂದರೆ, ಅದರಲ್ಲಿ 1.6 ಡೆಸಿಬೆಲ್ ಬರೀ ಗಟ್ಟಿಯಾಗಿರುವುದರ ಪಾಲು. ಗಟ್ಟಿಯಾದದ್ದು ಕಿವಿಗೆ ಚೆಲುವಾಗಿಯೇ ಕೇಳಿಸುತ್ತದೆ. ಎರಡು ಸ್ಥಿತಿಗಳ ಮಟ್ಟವನ್ನು 0.1 ಡೆಸಿಬೆಲ್‌ನೊಳಗೆ ಸಮಮಾಡಿ, ಯಾವುದು ಯಾವುದೆಂದು ಕೇಳುವವರಿಗೆ ತಿಳಿಸದೆ ಹೋಲಿಸಿದ ಮೇಲೆಯೇ ಹದದ ಮಾತು. ಕೈಪಿಡಿಯಲ್ಲಿ ಪದದ ಪಕ್ಕದಲ್ಲೇ ಈ ಷರತ್ತನ್ನು ಬರೆದಿದ್ದೇನೆ.

ಇದಕ್ಕೆ ಅಂಟಿಕೊಂಡ ಇನ್ನೆರಡು ಪದಗಳಿವೆ. ಹೊಸ ಭಾಗಗಳನ್ನು ಬಹಳ ಹೊತ್ತು ನುಡಿಸುತ್ತ ಬಿಡುವುದಕ್ಕೆ ‘ಪಳಗಿಸು’ ಎಂದು ಬರೆದಿದ್ದೇನೆ. ಬಹುಕಾಲ ಸುಮ್ಮನಿದ್ದ ಎಲೆಕ್ಟ್ರೊಲಿಟಿಕ್ ಧಾರಕದ ಆಕ್ಸೈಡ್ ಪೊರೆಯು ವೋಲ್ಟೇಜ್ ಸಿಕ್ಕಾಗ ಮತ್ತೆ ಕಟ್ಟಿಕೊಂಡು ಸೋರಿಕೆ ತಗ್ಗುವುದು ನಿಜ, ಆದರೆ ಹೇಳಿಕೊಳ್ಳುವ ಬದಲಾವಣೆಗಳಲ್ಲಿ ಬಹುಪಾಲು ಪಳಗುವುದು ಕೇಳುವವರ ಕಿವಿಯೇ ಎಂದು ನಾನು ನಂಬಿದ್ದೇನೆ. ಈ ಪದ ಎರಡಕ್ಕೂ ಸಲ್ಲುತ್ತದೆ.

‘ಜಿಟರ್’ ಮಾತ್ರ ಬಗೆಹರಿದಿಲ್ಲ. ಗಡಿಯಾರದ ಪೆಟ್ಟು ತನ್ನ ಕ್ಷಣಕ್ಕಿಂತ ಒಮ್ಮೆ ಮುಂಚೆ, ಒಮ್ಮೆ ತಡವಾಗಿ ಬೀಳುವ ದೋಷವಿದು. 20 ಕಿಲೋಹರ್ಟ್ಸ್‌ನ ಪೂರ್ಣಮಟ್ಟದ ಅಲೆಯಲ್ಲಿ 16 ಬಿಟ್‌ನ ಕೊನೆಯ ಬಿಟ್ಟಿನ ಅರ್ಧದಷ್ಟು ತಪ್ಪು ಉಂಟಾಗಲು ಸುಮಾರು 120 ಪಿಕೊಸೆಕೆಂಡಿನ ವ್ಯತ್ಯಾಸ ಸಾಕು. ‘ನಡುಕ’ ಎಂದರೆ ಅಲೆಯ ಎತ್ತರವೇ ನಡುಗಿದಂತೆ ಕೇಳಿಸುತ್ತದೆ. ‘ಕಾಲದ ಅದುರು’ ಎಂದು ಬರೆದರೆ ಅರ್ಥ ಕೂರುತ್ತದೆ, ಆದರೆ ಸಮಾಸವಾಗಿ ನಾಲಗೆಗೆ ಹತ್ತುವುದಿಲ್ಲ. ಲಯದ ಪರಿಭಾಷೆಯಲ್ಲಿ ಪೆಟ್ಟು ಹೀಗೆ ಅತ್ತಿತ್ತ ಸರಿಯುವುದಕ್ಕೆ, ಕಾಲಪ್ರಮಾಣ ಒಟ್ಟಾರೆ ಓಡುವುದಕ್ಕೂ ಜಗ್ಗುವುದಕ್ಕೂ ಬೇರೆಯಾದ, ಒಂದು ಪದ ಮೃದಂಗ ಅಥವಾ ತಬಲಾ ಅಭ್ಯಾಸ ಮಾಡಿದವರಲ್ಲಿ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಜೊತೆಗೆ, ‘ಹದಗೊಳಿಸು’ ಎಂಬುದು ಕರಾವಳಿಯ ಮತ್ತು ಕಲಬುರಗಿ ಕಡೆಯ ಓದುಗರಿಗೆ ಯಂತ್ರದ ವಿಷಯದಲ್ಲೂ ಸಹಜವಾಗಿ ಕೇಳಿಸುತ್ತದೆಯೇ, ಅಥವಾ ಅಡುಗೆಮನೆಗೂ ಹೊಲಕ್ಕೂ ಮಾತ್ರ ಸೇರಿದ್ದೆನಿಸುತ್ತದೆಯೇ ಎಂಬುದನ್ನೂ ತಿಳಿಯಬಯಸುತ್ತೇನೆ.