ಮೆನು ಕಾರ್ಡೇ ಇಲ್ಲದ ರೆಸ್ಟೋರೆಂಟ್‌ಗೆ ಅಪ್ಪ ಅಮ್ಮನ ಜೊತೆ: ಹೋದವರು ಹೇಳಿ

ಕೇಳಿದವರು:
ಅಪ್ಪ ಅಮ್ಮನ ಮದುವೆಗೆ 40 ವರ್ಷ ತುಂಬುತ್ತಿದೆ. ತಮ್ಮ ಹಟ ಹಿಡಿದು ಒಂದು ಹೊಸ ನಮೂನೆಯ ರೆಸ್ಟೋರೆಂಟ್ ಆರಿಸಿದ್ದಾನೆ. ಆರ್ಡರ್ ಮಾಡುವುದೇ ಇಲ್ಲವಂತೆ. ಶೆಫ್ ಕಳಿಸಿದ್ದೇ ಊಟ, ಒಟ್ಟು ಹನ್ನೆರಡು ಸುತ್ತು. ನೊರೆ, ಹೊಗೆ, ಬಾಯಲ್ಲಿ ಪಟ್ ಅಂತ ಒಡೆಯುವ ಗೋಲಿ ಅಂತೆಲ್ಲ ಹೇಳುತ್ತಾನೆ. ಅಪ್ಪನಿಗೆ 74, ಹಲ್ಲು ಕಟ್ಟಿಸಿಕೊಂಡಿದ್ದಾರೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮಗನಿಗೆ ಏಳು ವರ್ಷ, ಕಡಲೆಕಾಯಿ ಅಲರ್ಜಿ ಇದೆ. ಹೋಗಬಹುದಾ? "ಚೆನ್ನಾಗಿರುತ್ತೆ, ಹೋಗಿ" ಅಂತ ಒಂದೇ ಸಾಲು ಬರೆಯಬೇಡಿ ಪ್ಲೀಸ್.

ಅತ್ತೆಯನ್ನು ಕರೆದುಕೊಂಡು ಹೋದವಳು:
ನಿಮ್ಮ ಅಮ್ಮನ ವಿಷಯಕ್ಕೇ ಬರೆಯುತ್ತಿದ್ದೇನೆ. ಟೇಬಲ್ ಬುಕ್ ಮಾಡುವಾಗ ನಾನು "ಒಬ್ಬರು ಸಸ್ಯಾಹಾರಿ" ಅಂತ ಹೇಳಿ ಸುಮ್ಮನಾದೆ. ತಪ್ಪು ಅಲ್ಲೇ ಆಯಿತು. ನಾಲ್ಕನೇ ಸುತ್ತಿಗೆ ಗಾಜಿನಂಥ ಜೆಲ್ಲಿ ತುಂಡುಗಳು ಬಂದವು. ಮಗಳು ಕುತೂಹಲಕ್ಕೆ "ಇದು ಹೇಗೆ ಗಟ್ಟಿ ಆಗುತ್ತೆ?" ಅಂತ ಕೇಳಿದಳು. ಬಡಿಸುವ ಹುಡುಗ ಒಳಗೆ ಹೋಗಿ ಕೇಳಿಕೊಂಡು ಬಂದು ಜೆಲಾಟಿನ್ ಅಂದ. ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಅಷ್ಟರಲ್ಲಿ ಅತ್ತೆ ಒಂದು ತುಂಡು ತಿಂದಾಗಿತ್ತು. ಏನೂ ಅನ್ನಲಿಲ್ಲ. ಚಮಚ ಕೆಳಗಿಟ್ಟರು, ಅಷ್ಟೆ. ಆಮೇಲೆ ಬಂದ ಎಂಟು ತಟ್ಟೆಗಳೂ ಹಾಗೇ ವಾಪಸ್ ಹೋದವು.

ಹಾಗಾಗಿ "ಸಸ್ಯಾಹಾರಿ" ಅನ್ನುವ ಒಂದು ಪದ ಸಾಲದು. ಬಿಡಿಸಿ ಕೇಳಿ. ಜೆಲ್ಲಿಗೆ ಜೆಲಾಟಿನ್ ಹಾಕುತ್ತಾರಾ, ಅಗರ್ ಹಾಕುತ್ತಾರಾ? ಅಗರ್ ಕಡಲಪಾಚಿಯದು, ತೊಂದರೆಯಿಲ್ಲ. ನೊರೆಗೆ ಮೊಟ್ಟೆಯ ಬಿಳಿಯೋ, ಸೋಯಾ ಲೆಸಿಥಿನ್ನೋ? ಸಾಸ್‌ಗೆ ಮೂಳೆ ಬೇಯಿಸಿದ ನೀರು ಸೇರುತ್ತದಾ? ಚೀಸ್‌ನಲ್ಲಿ, ಹಾಲು ಒಡೆಸಲು ಹಾಕುವ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇದೆಯಾ? ನಿಮ್ಮ ತಮ್ಮ ಹೇಳುವ ಆ ಗೋಲಿ ಇದೆಯಲ್ಲ, ಅದರ ಸಿಪ್ಪೆ ಸಾಮಾನ್ಯವಾಗಿ ಸೋಡಿಯಂ ಆಲ್ಜಿನೇಟ್‌ನದು, ಅದೂ ಕಡಲಪಾಚಿಯಿಂದಲೇ ಬರುವುದು. ಕ್ಯಾಲ್ಸಿಯಂ ಸೋಕಿದರೆ ಮೇಲೊಂದು ತೆಳು ಪೊರೆ ಕಟ್ಟುತ್ತದೆ, ಒಳಗಿನ ರಸ ರಸವಾಗಿಯೇ ಉಳಿಯುತ್ತದೆ. ಸ್ಪೇನ್‌ನ ಎಲ್ ಬುಯಿ ಅನ್ನುವ ಹೋಟೆಲ್‌ನಲ್ಲಿ ಶೆಫ್ ಫೆರಾನ್ ಆದ್ರಿಯಾ ಮಾಡಿ ಹೆಸರಾದದ್ದು. ಆ ಹೋಟೆಲ್ 2011ರಲ್ಲೇ ಬಾಗಿಲು ಹಾಕಿತು, ಗೋಲಿ ಮಾತ್ರ ಊರೂರು ಸುತ್ತುತ್ತಿದೆ. ಸಿಪ್ಪೆಗೆ ಹೆದರಬೇಡಿ, ಒಳಗೆ ಏನು ತುಂಬಿದ್ದಾರೆ ಅಂತ ಕೇಳಿ.

ಸಕ್ಕರೆ ಕಾಯಿಲೆ ಇರುವ ಅಪ್ಪನ ಮಗ:
ಎಲ್ಲರೂ ತಟ್ಟೆಯ ಬಗ್ಗೆ ಹೇಳುತ್ತಾರೆ, ಗಡಿಯಾರದ ಬಗ್ಗೆ ಯಾರೂ ಹೇಳಲ್ಲ. ಹನ್ನೆರಡು ಸುತ್ತು, ಒಂದಕ್ಕೊಂದು ಹದಿನೈದು ನಿಮಿಷ ಅಂತರ ಇಟ್ಟರೂ ಮೂರು ಗಂಟೆ ಆಯಿತಲ್ವಾ? ನಮ್ಮಪ್ಪ ಅಭ್ಯಾಸದಂತೆ ಕೂತ ತಕ್ಷಣ ಇನ್ಸುಲಿನ್ ತೆಗೆದುಕೊಂಡರು. ಮೊದಲ ಮೂರು ಸುತ್ತು ಒಂದೊಂದು ತುತ್ತು ಮಾತ್ರ. ಮುಕ್ಕಾಲು ಗಂಟೆಗೆ ಸಕ್ಕರೆ ಇಳಿದು ಕೈ ನಡುಗಿತು, ಹಣೆ ಬೆವರಿತು. ಹಣ್ಣಿನ ರಸ ತರಿಸಿ ಕುಡಿಸಿದ ಮೇಲೆ ಸರಿಹೋದರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಊಟದ ಹೊತ್ತಿನ ಮಾತ್ರೆ, ಇಂಜೆಕ್ಷನ್ ಇದ್ದರೆ ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ. ಮಧ್ಯಾಹ್ನ ಕಡಿಮೆ ಸುತ್ತಿನ ಊಟ ಇದೆಯಾ ಅಂತಲೂ ವಿಚಾರಿಸಿ, ಕೆಲವು ಕಡೆ ಇರುತ್ತದೆ. ಬೆನ್ನಿಗೆ ಆಸರೆ ಇಲ್ಲದ ಎತ್ತರದ ಸ್ಟೂಲ್ ಕೊಟ್ಟರೆ ಬೇಡ ಅನ್ನಿ.

ಕಡಲೆಕಾಯಿ ಆಗದ ಹುಡುಗಿಯ ಅಮ್ಮ:
ಅಕ್ಕಾ, ನಮ್ಮ ಮನೆಯಲ್ಲಿ ಅಲ್ಲಿಗೆ ಹೋಗಿ ಅತಿ ಹೆಚ್ಚು ಖುಷಿಪಟ್ಟವಳು ಎಂಟು ವರ್ಷದ ಮಗಳೇ. ದೊಡ್ಡವರು ಇದು ಊಟವಾ ಅಂತ ಮುಖ ಮುಖ ನೋಡಿದರೆ, ಅವಳಿಗೆ ಅದು ಆಟ. ಆದರೆ ಅಲರ್ಜಿ ವಿಷಯದಲ್ಲಿ ಇಂಥ ಅಡುಗೆ ಕಷ್ಟದ್ದು. ಸಾಮಾನ್ಯ ಹೋಟೆಲ್‌ನಲ್ಲಿ ಕಡಲೆಕಾಯಿ ಕಣ್ಣಿಗೆ ಕಾಣುತ್ತದೆ. ಇಲ್ಲಿ ಅದು ಪುಡಿಯೋ, ಎಣ್ಣೆಯೋ, ನೊರೆಯೋ ಆಗಿ ಬರಬಹುದು. ನೋಡಿ ಗೊತ್ತಾಗಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2014ರ ಕೊನೆಯಿಂದ 14 ಬಗೆಯ ಅಲರ್ಜಿ ಪದಾರ್ಥಗಳನ್ನು ಹೋಟೆಲ್‌ನವರು ಗ್ರಾಹಕರಿಗೆ ತಿಳಿಸಲೇಬೇಕು. ಅದರಲ್ಲಿ ಕಡಲೆಕಾಯಿಯೇ ಬೇರೆ, ಬಾದಾಮಿ ಗೋಡಂಬಿಯಂಥವೇ ಬೇರೆ. ನೀವೂ ಹಾಗೇ ಬೇರೆ ಬೇರೆಯಾಗಿ ಕೇಳಿ. "ನೋಡಿಕೊಳ್ತೀವಿ ಬಿಡಿ ಮೇಡಂ" ಅಂದರೆ ಒಪ್ಪಬೇಡಿ. "ಗ್ಯಾರಂಟಿ ಕೊಡಕ್ಕಾಗಲ್ಲ" ಅಂದರೆ ಅವರನ್ನು ನಂಬಿ, ಮಗನನ್ನು ಕರೆದೊಯ್ಯಬೇಡಿ.

ಇನ್ನೊಂದು ವಿಷಯ, ಆ ಹೊಗೆ. ಅದು ದ್ರವ ಸಾರಜನಕ ಆಗಿದ್ದರೆ ಮೈನಸ್ 196 ಡಿಗ್ರಿ. ಅದು ಪೂರ್ತಿ ಆವಿಯಾಗುವ ಮುಂಚೆ ಬಾಯಿಗೆ ಹೋದರೆ ಒಳಗೆಲ್ಲ ಗಾಯ. ಬಾಯಿಂದ ಹೊಗೆ ಬಿಡುವ ತಿಂಡಿಗಳ ಬಗ್ಗೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಕೆ ಕೊಟ್ಟಿದೆ. ಮಕ್ಕಳು ಫೋಟೋಗೆ ಅಂತ ಅವಸರ ಮಾಡುತ್ತಾರೆ. ತಟ್ಟೆ ದೂರ ಸರಿಸಿಡಿ.

ಅಲ್ಲಿಂದ ಹಸಿದು ಬಂದವನು:
ನನ್ನ ಅಭಿಪ್ರಾಯ ಬೇರೆ. ಅಪ್ಪ ಅಮ್ಮನ ಹಬ್ಬಕ್ಕೆ ತಮ್ಮನ ಆಸೆ ಯಾಕೆ? ಅವನು ಹೆಂಡತಿ ಜೊತೆ ಹೋಗಲಿ. ಅಪ್ಪ ಅಮ್ಮನನ್ನು, ಬೇಕಾದದ್ದನ್ನು ಎರಡು ಸಲ ಕೇಳಿ ಹಾಕಿಸಿಕೊಳ್ಳುವ ಜಾಗಕ್ಕೆ ಕರೆದೊಯ್ಯಿರಿ.

ಮಾವನ ಕಥೆ ಹೇಳಲೇಬೇಕಾದವಳು:
ಮೇಲಿನವರ ಮಾತು ಅರ್ಧ ಸರಿ. ನಮ್ಮ ಮಾವ ಕೂಡ ಗೊಣಗುತ್ತಲೇ ಬಂದವರು. ಇಂಗ್ಲೆಂಡಿನ ಫ್ಯಾಟ್ ಡಕ್ ರೆಸ್ಟೋರೆಂಟ್‌ನಲ್ಲಿ ಶಂಖದೊಳಗೆ ಐಪಾಡ್ ಇಟ್ಟು, ಕಡಲಿನ ಸದ್ದು ಕೇಳಿಸುತ್ತಾ ಊಟ ಬಡಿಸುತ್ತಿದ್ದರು ಅಂತ ನಾನು ದಾರಿಯಲ್ಲಿ ಹೇಳಿದ್ದಕ್ಕೆ, "ಕಿವಿಯಿಂದ ಹೊಟ್ಟೆ ತುಂಬುತ್ತಾ?" ಅಂದಿದ್ದರು. ಮೂರನೇ ಸುತ್ತಿಗೆ ಒಂದು ಬಟ್ಟಲು ತುಂಬ ಬೆಣಚುಕಲ್ಲು ಬಂತು. ಅದರಲ್ಲಿ ಎರಡು ಮಾತ್ರ ಆಲೂಗಡ್ಡೆ, ಕಲ್ಲಿನ ಬಣ್ಣ ಬಳಿದದ್ದು. ಹುಡುಗ ಹೇಳುವಷ್ಟರಲ್ಲಿ ಮಾವ ನಿಜವಾದ ಕಲ್ಲನ್ನೇ ಕಚ್ಚಿದರು! ಪುಣ್ಯಕ್ಕೆ ಹಲ್ಲು ಉಳಿಯಿತು. ಒಂದು ಕ್ಷಣ ಎಲ್ಲರೂ ಗಪ್‌ಚುಪ್. ಆಮೇಲೆ ಅವರೇ ನಗಲು ಶುರುಮಾಡಿದರು. ಎರಡು ವರ್ಷ ಆಯಿತು, ಮನೆಗೆ ಯಾರೇ ಬಂದರೂ ಈ ಕಥೆ ಹೇಳದೆ ಕಳಿಸುವುದಿಲ್ಲ. ಊಟ ಹೇಗಿತ್ತು ಅಂತ ಕೇಳಿ ನೋಡಿ, ನೆನಪೇ ಇಲ್ಲ.

ನಿಮ್ಮಪ್ಪನಿಗೆ ಕಟ್ಟಿಸಿದ ಹಲ್ಲು ಅಂದಿರಲ್ಲ, ಪ್ರತಿ ತಟ್ಟೆಗೂ "ಇದರಲ್ಲಿ ತಿನ್ನುವುದು ಯಾವುದು?" ಅಂತ ಕೇಳಿ. ನಾಚಿಕೆ ಬೇಡ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಿಮ್ಮ ಪ್ರಶ್ನೆಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಫೋನ್ ಮಾಡಿದೆ. ಎರಡು ಸುತ್ತಿನಲ್ಲಿ ಜೆಲಾಟಿನ್ ಇದೆಯಂತೆ, ಅಮ್ಮನಿಗೆ ಅಗರ್ ಹಾಕಿ ಮಾಡಿಕೊಡುತ್ತಾರಂತೆ. ಮಧ್ಯಾಹ್ನ ಆರೇ ಸುತ್ತು, ಒಂದೂವರೆ ಗಂಟೆ. ಕಡಲೆಕಾಯಿ ವಿಷಯಕ್ಕೆ ಮಾತ್ರ, ಅದೇ ಅಡುಗೆಮನೆಯಲ್ಲಿ ಪುಡಿ ಮಾಡುತ್ತೇವೆ, ಗ್ಯಾರಂಟಿ ಕೊಡಲಾಗದು ಅಂದರು. ಹಾಗಾಗಿ ನಾನು ಮಗನ ಜೊತೆ ಮನೆಯಲ್ಲಿರುತ್ತೇನೆ, ಉಳಿದವರು ಹೋಗಿ ಬನ್ನಿ ಅಂದೆ. ತಮ್ಮ ಒಪ್ಪಿದ. ಅಪ್ಪ ಯಾವ ಶರಟು ಹಾಕಿಕೊಳ್ಳಲಿ ಅಂತ ಕೇಳುತ್ತಿದ್ದಾರೆ. ಅಮ್ಮ ಮಾತ್ರ "ಮೊಮ್ಮಗ ಬರದೆ ಇದ್ದರೆ ನಾನೂ ಬರಲ್ಲ" ಅಂತ ಕೂತಿದ್ದಾಳೆ.