ಸಹಾಯ ಬೇಕು: ಎಲ್ಲರಿಗೂ ಸೇರಿದ ಕೈತೋಟವಿರುವ ಬಾಡಿಗೆ ಮನೆ

ನಮಸ್ಕಾರ. ಬೆಂಗಳೂರಿನ ಬಸವನಗುಡಿಯಲ್ಲಿ, ಗಾಂಧಿ ಬಜಾರಿಗೆ ನಡೆದೇ ಹೋಗುವಷ್ಟು ದೂರದಲ್ಲಿ, ಒಂದು ಮಲಗುವ ಕೋಣೆಯ ಮನೆ ನೋಡಿದ್ದೇವೆ. ನಾಲ್ಕು ಸಂಸಾರಗಳಿರುವ ಹಳೆಯ ಕಟ್ಟಡ. ಹಿತ್ತಲಿನಲ್ಲಿ ಎಲ್ಲರಿಗೂ ಸೇರಿದ ಕೈತೋಟ. ಸೀಬೆ, ಸಂಪಿಗೆ, ಒಂದು ತೆಂಗು. ಅದನ್ನು ಕಂಡ ಮೇಲೆ ಅಮ್ಮ ಅಡುಗೆಮನೆಯ ಇಕ್ಕಟ್ಟನ್ನು ಗಮನಿಸಲೇ ಇಲ್ಲ!

ಮುಂಗಡ ಹತ್ತು ತಿಂಗಳ ಬಾಡಿಗೆ, ಕರಾರು ಎಂದಿನಂತೆ 11 ತಿಂಗಳಿಗೆ (ವರ್ಷ ಮೀರಿದರೆ ನೋಂದಣಿ ಕಡ್ಡಾಯವಲ್ಲವೇ). ಖಾಲಿ ಮಾಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ಷರತ್ತಿಗೂ ಒಪ್ಪಿದ್ದೇವೆ.

ತೊಡಕಿರುವುದು ತೋಟದ್ದೇ. ಕರಡಿನಲ್ಲಿ ಅದರ ಸುದ್ದಿಯೇ ಇಲ್ಲ. ಕೇಳಿದರೆ, ಎಲ್ಲರೂ ಹೊಂದಿಕೊಂಡು ಹೋಗುತ್ತಾರೆ ಎನ್ನುತ್ತಾರೆ ಮಾಲೀಕರು. ಹೊಂದಾಣಿಕೆ ಮಳೆಗಾಲಕ್ಕೆ ಸರಿ. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರ್ ತರಿಸಿದರೆ ಗಿಡಗಳ ಪಾಲಿನ ಖರ್ಚು ಯಾರದು? 2024ರ ಬರದಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ಹಂಚಿಕೆಯ ತೋಟದಲ್ಲಿ ಅಂಥ ದಂಡ ಯಾರ ತಲೆಗೆ?

ಇಂಥ ಮನೆಗಳಲ್ಲಿ ಇದ್ದವರು ದಯವಿಟ್ಟು ತಿಳಿಸಿ: ಕರಾರಿನಲ್ಲಿ ಏನೇನು ಬರೆಸಿಕೊಂಡಿರಿ? ಬಟ್ಟೆ ಒಣಹಾಕುವುದು, ಕಾಯಿ ಕೀಳುವುದು, ಇವನ್ನೂ ಬರೆಸಬೇಕೇ? ಕರಿಬೇವನ್ನು ನೆಲದಲ್ಲೇ ನೆಡಬಹುದೇ, ಕುಂಡವೇ ಲೇಸೇ? ಭಾನುವಾರದೊಳಗೆ ಮುಂಗಡ ಕೊಡಬೇಕಾಗಿದೆ.