‘ಬೆರಕೆ ಕುದುರೆ’ ಅನ್ನಬಹುದಾ?

ಗೆಳೆಯರೇ, ಕುದುರೆ ಕೊಳ್ಳುವವರಿಗೆಂದು ಬರೆದ ಒಂದು ಪುಟ್ಟ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಳಿಯ ಹೆಸರು ಹೇಳಿ ಟೋಪಿ ಹಾಕುವವರ ಬಗ್ಗೆ ಒಂದು ಅಧ್ಯಾಯ ಇದೆ. ಅಲ್ಲಿ ಸಿಕ್ಕಿಕೊಂಡಿದ್ದೇನೆ. ಕ್ರಾಸ್‌ಬ್ರೆಡ್ ಕುದುರೆಗೆ, ಅಂದರೆ ಎರಡು ತಳಿ ಕೂಡಿ ಹುಟ್ಟಿದ ಕುದುರೆಗೆ, ಕನ್ನಡದಲ್ಲಿ ಏನನ್ನೋಣ?

ಹಸುವಿನ ವಿಷಯದಲ್ಲಿ ಈ ತಾಪತ್ರಯ ಇಲ್ಲ. ಇಲಾಖೆಯವರಿಗೆ ‘ಮಿಶ್ರತಳಿ’, ಊರಿನವರಿಗೆ ‘ಸೀಮೆ ಹಸು’. ಹಾಲು ಜಾಸ್ತಿ ಕೊಡುತ್ತೆ, ಹಾಗಾಗಿ ಯಾರೂ ಮುಚ್ಚಿಡುವುದಿಲ್ಲ. ಕುದುರೆಯಲ್ಲಿ ಉಲ್ಟಾ. ರಾಜಸ್ಥಾನದ ಮಾರ್ವಾಡಿ ಕುದುರೆಗೆ ಥರೋಬ್ರೆಡ್ ಎಂಬ ರೇಸ್ ಕುದುರೆಯ ತಳಿ ಸೇರಿಸಿ ಎತ್ತರ ಬರಿಸುತ್ತಾರೆ. ಸವಾರಿಗೆ ಒಳ್ಳೆಯ ಕುದುರೆಯೇ, ಹಾಗೆಂದೇ ಹೇಳಿ ಮಾರಿದರೆ ತಪ್ಪೇನಿಲ್ಲ. ಆದರೆ ಕೊಳ್ಳುವವರಿಗೆ ಬೇಕಿರುವುದು ‘ಮಾರ್ವಾಡಿ’ ಅನ್ನೋ ಹೆಸರು. ಜಾಹೀರಾತಿನಲ್ಲಿ ಅದೊಂದೇ ಉಳಿಯುತ್ತದೆ. ಕೇಳಿದರೆ ಕಿವಿ ತೋರಿಸುತ್ತಾರೆ: ತುದಿ ಒಳಕ್ಕೆ ಬಾಗಿದೆ ನೋಡಿ, ಒಂದಕ್ಕೊಂದು ತಾಕುತ್ತಿದೆ ನೋಡಿ ಅಂತ. ಗುಜರಾತಿನ ಕಾಠಿಯಾವಾಡಿ ಕುದುರೆಯ ಕಿವಿಯೂ ಹಾಗೇ ಬಾಗುತ್ತದಲ್ಲ!

ನನ್ನ ಒಲವು ‘ಬೆರಕೆ’ ಕಡೆಗೆ. ಬೇಡವೇ ಬೇಡ, ಕಲಬೆರಕೆ ಎಣ್ಣೆ ನೆನಪಾಗುತ್ತೆ ಅನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಬೆರಕೆ ಸೊಪ್ಪು ಅಂದರೆ ಯಾರಾದರೂ ಮೂಗು ಮುರಿಯುತ್ತಾರಾ? ಹಳೇ ಮೈಸೂರಿನ ಕಡೆ ಅದನ್ನು ಹುಡುಕಿಕೊಂಡು ಹೋಗಿ ಮಸ್ಸೊಪ್ಪು ಮಾಡುತ್ತಾರೆ. ಬೆರೆಸಿ ಬಚ್ಚಿಟ್ಟರೆ ಕಲಬೆರಕೆ, ಬರೀ ಬೆರೆತಿದ್ದರೆ ಬೆರಕೆ. ಈ ವ್ಯತ್ಯಾಸ ಕೈಪಿಡಿಗೆ ಬೇಕಾದ್ದೇ. (ಮಾರುವವನು ‘ಬೆರಕಿ’, ಅಂದರೆ ಚಾಲಾಕಿ, ಆಗಿದ್ದರೆ ಅದು ಬೇರೆ ಮಾತು.)

ಇನ್ನು ‘ಶುದ್ಧ ತಳಿ’. ಥರೋಬ್ರೆಡ್ ಅಂದ ತಕ್ಷಣ ನಮ್ಮವರು ಹೀಗೆ ಬರೆದುಬಿಡುತ್ತಾರೆ. ಥರೋಬ್ರೆಡ್ ಅನ್ನೋದು ಗುಣ ಹೇಳುವ ಮಾತಲ್ಲ, ಒಂದು ತಳಿಯ ಅಂಕಿತನಾಮ. ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಪೂರ್ವದೇಶದ ಗಂಡು ಕುದುರೆಗಳು ಇಂಗ್ಲೆಂಡಿಗೆ ಬಂದು, ಅಲ್ಲಿನ ಹೆಣ್ಣು ಕುದುರೆಗಳ ಜೊತೆ ಕೂಡಿ ಬೆಳೆದ ವಂಶ. ಮೂಲದಲ್ಲಿ ಅದೂ ಬೆರಕೆಯೇ! ವಂಶಾವಳಿಯ ಪುಸ್ತಕ ಶುರುವಾಗಿದ್ದು 1791ರಲ್ಲಿ. ಕುಣಿಗಲ್ ಸ್ಟಡ್ ಫಾರಂನ ರೇಸ್ ಕುದುರೆಗಳು ಥರೋಬ್ರೆಡ್. ಬೆರಕೆಯಿಲ್ಲದ ಮಾರ್ವಾಡಿ ‘ಅಪ್ಪಟ ತಳಿ’ ಹೌದು, ಥರೋಬ್ರೆಡ್ ಅಲ್ಲವೇ ಅಲ್ಲ. ಹಾಗಾಗಿ ‘ಥರೋಬ್ರೆಡ್’ ಹೆಸರನ್ನು ಹಾಗೇ ಬಿಡುತ್ತಿದ್ದೇನೆ.

‘ವಾರ್ಮ್‌ಬ್ಲಡ್’ ಕೂಡ ಹಾಗೇ ಇರಲಿ. ಬಿಸಿರಕ್ತ ಅಂದರೆ ನಮಗೆ ಕೋಪಿಷ್ಠ ಹುಡುಗ. ಕುದುರೆಯವರ ಮಾತಿನಲ್ಲಿ ಅರಬ್ಬೀ ಕುದುರೆಯಂಥ ಚುರುಕಿಗೂ ಗಾಡಿ ಎಳೆಯುವ ದಪ್ಪ ಕುದುರೆಯ ಸಮಾಧಾನಕ್ಕೂ ನಡುವಿನದು ಅದು.

ಬಣ್ಣವೇ ತಳಿಯಾಗಿಬಿಡುವುದು ಇನ್ನೊಂದು ಗೋಜಲು. ‘ನುಕ್ರಾ’ ಅಂದರೆ ಬೆಳ್ಳಿ, ಅರಬ್ಬಿಯಿಂದ ಫಾರಸಿಗೆ ಬಂದ ಮಾತು. ಪಂಜಾಬಿನ ಕಡೆ ಗುಲಾಬಿ ಚರ್ಮದ ಬಿಳಿ ಕುದುರೆಗೆ ಈ ಹೆಸರು, ಈಗ ತಳಿಯ ಹೆಸರಾಗಿಯೇ ಓಡುತ್ತಿದೆ. ಬೆಳ್ಳಗಿರುವುದೆಲ್ಲಾ ನುಕ್ರಾ ಅಲ್ಲ. ಮರಿಯಾಗಿದ್ದಾಗ ಕಪ್ಪೋ ಕಂದೋ ಇದ್ದು, ವಯಸ್ಸಾದಂತೆ ಬೆಳ್ಳಗಾಗುವ ಕುದುರೆಗಳಿವೆ. ಅವುಗಳ ಕೂದಲು ಬಿಳಿ, ಒಳಗಿನ ಚರ್ಮ ಕಪ್ಪು. ಮೂತಿಯ ಸುತ್ತ, ಕಣ್ಣಿನ ಅಂಚಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ಇಂಥ ಬಣ್ಣದ ಹೆಸರುಗಳಿಗೆ ‘ತಳಿ’ ಅನ್ನದೆ ‘ಬಣ್ಣದ ಬಗೆ’ ಅಂತ ಹಾಕಿದ್ದೇನೆ. ಸಪ್ಪೆ ಅನಿಸುತ್ತಿದೆ.

ಕೊನೆಗೆ ‘ಗ್ರೇಡ್ ಹಾರ್ಸ್’. ಅಪ್ಪ ಅಮ್ಮನ ದಾಖಲೆ ಇಲ್ಲದ ಕುದುರೆ ಅಂತ ಅದರ ಅರ್ಥ. ನಮ್ಮ ಕಿವಿಗೆ ‘ಗ್ರೇಡ್’ ಅಂದರೆ ಫಸ್ಟ್ ಗ್ರೇಡ್ ಕಾಫಿಪುಡಿ! ಹಾಗೇ ಬಿಟ್ಟರೆ ಓದುಗ ಮೋಸ ಹೋಗುವುದು ಖಂಡಿತ. ‘ದಾಖಲೆಯಿಲ್ಲದ ಕುದುರೆ’ ಉದ್ದವಾಯಿತು, ‘ನಾಟಿ ಕುದುರೆ’ ಅಂದರೆ ದೇಸಿ ತಳಿ ಅಂದುಕೊಳ್ಳುತ್ತಾರೆ. ಜಟಕಾ ಓಡಿಸುತ್ತಿದ್ದ ಮನೆತನದವರು, ಕುದುರೆ ಸಾಕುವವರು ಇಂಥ ಕುದುರೆಗೆ ಏನನ್ನುತ್ತಿದ್ದರು? ಬಳಕೆಯಲ್ಲಿ ಕೇಳಿದವರು ಯಾವ ಊರಿನ ಕಡೆಯ ಮಾತು ಅನ್ನೋದನ್ನೂ ಸೇರಿಸಿ ಬರೆಯಿರಿ.